ಶಾಸನಗಳೂ ಕಡಲ ಬಸವನಹುಳುಗಳೂ

ಹದಡಿಯ ಕಡೆಯ ನಮಗೆ ಬಸವನಹುಳುವೆಂದರೆ ಭದ್ರಾ ನಾಲೆಯ ನೀರು ನಿಂತ ಗದ್ದೆಗಳ ಬದುವಿನಲ್ಲಿ ಚಿಪ್ಪು ಹೊತ್ತು ತೆವಳುವ ಜೀವ. ಸಮುದ್ರದಲ್ಲಿರುವ ಅದರ ಬಂಧುಗಳಲ್ಲಿ ಕೆಲವಾದರೋ ಚಿಪ್ಪನ್ನೇ ತ್ಯಜಿಸಿ, ಶ್ವಾಸಾಂಗಗಳನ್ನು ಬೆನ್ನಿನ ಮೇಲೆ ಪುಷ್ಪಗುಚ್ಛದಂತೆ ಅರಳಿಸಿಕೊಂಡು ನಾನಾವರ್ಣಗಳಿಂದ ಶೋಭಿಸುತ್ತವೆ. ಫ್ರಾನ್ಸಿನ ಮಹಾ ಪ್ರಾಣಿಶಾಸ್ತ್ರಜ್ಞನಾದ ಕ್ಯುವಿಯೇ 1817ರಲ್ಲಿ ಇವುಗಳಿಗೆ ‘ನ್ಯೂಡಿಬ್ರ್ಯಾಂಕ್’ ಎಂಬ ಹೆಸರನ್ನಿತ್ತನು. ಆ ಶಾಸ್ತ್ರವನ್ನು ನಮ್ಮ ದೇಶದ ತೀರದಲ್ಲಿ ಮುಂದುವರಿಸಿದವರ ಪೈಕಿ ಗಣ್ಯನಾದ ಸರ್ ವಾಲ್ಟರ್ ಎಲಿಯಟ್ (1803–1887) ಕನ್ನಡ ಶಾಸನಗಳ ಚರಿತ್ರೆಯಲ್ಲಿಯೂ ಸ್ಮರಣೀಯನು.

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿ ಧಾರವಾಡದ ಸೀಮೆಗೆ ಬಂದ ಈ ತರುಣನು 1824ರ ಅಕ್ಟೋಬರಿನಲ್ಲಿ, ತನ್ನ ಮೇಲಧಿಕಾರಿ ಥ್ಯಾಕರೆ ಹತನಾದ ಕಿತ್ತೂರಿನ ಕದನದಲ್ಲಿ, ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿ ಡಿಸೆಂಬರಿನಲ್ಲಿ ಬಿಡುಗಡೆ ಹೊಂದಿದನು. ಮತ್ತೊಬ್ಬನಾಗಿದ್ದರೆ ಆ ಸೀಮೆಯ ಸಹವಾಸವೇ ಬೇಡವೆನ್ನುತ್ತಿದ್ದನೇನೋ. ಇವನು 1833ರವರೆಗೆ ಅಲ್ಲಿಯೇ ಇದ್ದು, ಊರೂರಿನ ಶಾಸನಗಳನ್ನು ನಕಲು ಮಾಡಿಸಿದನು. ಹರಿಹರೇಶ್ವರನ ಗುಡಿಯ ಅಂಗಳದಲ್ಲಿ ನಿಂತು, ಮಳೆಗೆ ಸವೆದ ಅಕ್ಷರಗಳ ಮೇಲೆ ಬೆರಳಾಡಿಸಿ ಒಂದು ಸಾಲನ್ನಾದರೂ ಓದಲು ಹೆಣಗಿದವರಿಗೆ ಆ ಕಾರ್ಯದ ಶ್ರಮ ತಿಳಿದೀತು. ಆ ಸಂಗ್ರಹದ ಆಧಾರದಿಂದ ಅವನು 1837ರಲ್ಲಿ ಪ್ರಕಟಿಸಿದ ಪ್ರಬಂಧವು ಚಾಲುಕ್ಯರ ಚರಿತ್ರೆಗೆ ದಾರಿ ತೆರೆಯಿತು. ಮುಂದೆ ಶಾಸನತಜ್ಞ ಫ್ಲೀಟನೂ ಆ ನಕಲುಗಳನ್ನು ಬಳಸಿಕೊಂಡನು.

ಹೊಲದ ಇಲಿಗಳನ್ನೂ ಅವನು ಉಪೇಕ್ಷಿಸಲಿಲ್ಲ. 1826ರಲ್ಲಿ ಮಳೆ ಕೊರೆಯಾಗಿ, ಎರೆಭೂಮಿಯ ಬಿರುಕುಗಳಲ್ಲಿ ವಾಸಿಸುವ ಇಲಿಗಳು ಮಿತಿಮೀರಿ ಹೆಚ್ಚಿ ಪೈರನ್ನು ಹಾಳುಮಾಡಲು, ರೈತರು ವಡ್ಡರನ್ನು ಕರೆಸಿ, ಇಂತಿಷ್ಟು ಡಜನ್ನಿಗೆ ಒಂದು ಅಳತೆ ಧಾನ್ಯವೆಂದು ಕೊಟ್ಟು ಸಾವಿರಗಟ್ಟಲೆ ಕೊಲ್ಲಿಸಿದರೂ ಅವುಗಳ ಸಂಖ್ಯೆ ಇಳಿದಂತೆ ಕಾಣಲಿಲ್ಲವೆಂದು ಬರೆದಿಟ್ಟಿದ್ದಾನೆ. 1839ರಲ್ಲಿ ಮದ್ರಾಸಿನಲ್ಲಿ ಅಚ್ಚಾದ ಅವನ ಸಸ್ತನಿಗಳ ಪಟ್ಟಿಯಲ್ಲಿ ಜನರ ಬಾಯಲ್ಲಿದ್ದ ಹೆಸರುಗಳಿಗೂ ಸ್ಥಾನವುಂಟು.

1845ರಿಂದ 1854ರವರೆಗೆ ಪೂರ್ವ ಕರಾವಳಿಯ ಉತ್ತರ ಸರ್ಕಾರುಗಳ ಕಮಿಷನರಾಗಿದ್ದಾಗ ವಿಶಾಖಪಟ್ಟಣದ ಕಡಲು ಅವನನ್ನು ಸೆಳೆಯಿತು. ಮದ್ಯಸಾರದಲ್ಲಿಟ್ಟೊಡನೆ ನ್ಯೂಡಿಬ್ರ್ಯಾಂಕುಗಳೆಂಬ ಈ ಮೃದುದೇಹಿಗಳು ಮುದುಡಿ ಬಣ್ಣಗೆಡುವುದರಿಂದ, ಪ್ರಾಣಿ ಜೀವಂತವಾಗಿರುವಾಗಲೇ ಅದರ ವರ್ಣವನ್ನೂ ಭಂಗಿಯನ್ನೂ ದೇಶೀಯ ಚಿತ್ರಕಾರರಿಂದ ಬರೆಯಿಸಬೇಕಾಗಿತ್ತು. ಆ ಚಿತ್ರಗಳನ್ನೂ ಮಾದರಿಗಳನ್ನೂ ಪರಿಶೀಲಿಸಿ ಇಂಗ್ಲೆಂಡಿನ ಆಲ್ಡರ್ ಮತ್ತು ಹ್ಯಾನ್ಕಾಕ್ ಎಂಬ ವಿದ್ವಾಂಸರು 1864ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎಲಿಯಟ್ಟನ ಹೆಸರು ಹೊತ್ತ ‘ಡೋರಿಸ್ ಎಲಿಯಟಿ’ಯೂ ಆ ಕರಾವಳಿಯ ಪ್ರಾಚೀನ ದೇಶದ ಹೆಸರು ಹೊತ್ತ ‘ಕಳಿಂಗ ಆರ್ನೇಟ’ವೂ ಸೇರಿವೆ.

ನನಗೆ ಎಲಿಯಟ್ಟನ ಹಿರಿಮೆ ಕಾಣುವುದು ಈ ವ್ಯವಧಾನದಲ್ಲಿ: ಕಲ್ಲಿನ ಅಕ್ಷರ ಸವೆಯುವ ಮೊದಲು, ಜೀವಿಯ ಬಣ್ಣ ಮಾಸುವ ಮೊದಲು, ಇದ್ದುದನ್ನು ಇದ್ದಂತೆ ಉಳಿಸಬೇಕೆಂಬ ಕಳಕಳಿ. ಆದರೆ ಆ ಕೀರ್ತಿಯ ನ್ಯಾಯವಾದ ಪಾಲು ಬಿಸಿಲಲ್ಲಿ ಕುಳಿತು ಕನ್ನಡದ ಸಾಲುಗಳನ್ನು ನಕಲು ಮಾಡಿದವರಿಗೂ, ತಟ್ಟೆಯ ಉಪ್ಪುನೀರಿನೊಳಗಣ ಜೀವ ಆರುವುದರೊಳಗಾಗಿ ಕುಂಚವಾಡಿಸಿದವರಿಗೂ ಸಲ್ಲತಕ್ಕದ್ದು.