ಸಿಂಗಪುರದ ಸೈನಿಕರ ನೆನಪು ಮತ್ತು ಕಾಲನಿರ್ಣಯ

ಶಾಸನಗಳ ಕಾಲನಿರ್ಣಯಕ್ಕೆ ವಿದ್ವಾಂಸರು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳು ಇದಕ್ಕೆ ಇಂದಿಗೂ ಆಧಾರ. ವಾರವೊಂದು ಹೊಂದಲಿಲ್ಲವೆಂಬ ಮಾತ್ರಕ್ಕೆ ಯಾರೂ ಅದನ್ನು ಕೂಟಶಾಸನವೆಂದು ತಳ್ಳಿಹಾಕುವುದಿಲ್ಲ. ತಪ್ಪು ಎಲ್ಲಿ ನುಸುಳಿತು ಎಂದು ವಿಚಾರಿಸುತ್ತಾರೆ. ವಯೋವೃದ್ಧ ಸೈನಿಕನ ನೆನಪಿಗೂ ಇದೇ ವಿವೇಕ ಸಲ್ಲಬೇಕು.

ಎರಡನೆಯ ಮಹಾಯುದ್ಧದಲ್ಲಿ ಮಲಯ ಮತ್ತು ಸಿಂಗಪುರಗಳ ರಕ್ಷಣೆಗೆ ಹೋದ ದೇಶೀಯ ಸಂಸ್ಥಾನಗಳ ಪಡೆಗಳಲ್ಲಿ ಮೈಸೂರು ಪದಾತಿದಳವೂ ಒಂದು. 1941ರ ಡಿಸೆಂಬರ್ 8ರಂದು ಜಪಾನಿಯರು ಕೋಟ ಭಾರುವಿನಲ್ಲಿ ಇಳಿದರು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಅಲ್ಲಿಂದ ಬದುಕಿ ಬಂದವರ ಮಾತು ಇಂದು ಮಕ್ಕಳು ಮೊಮ್ಮಕ್ಕಳು ಬರೆದಿಟ್ಟ ಟಿಪ್ಪಣಿಗಳಲ್ಲಿ, ಮನೆಯ ಕಥೆಗಳಲ್ಲಿ ಉಳಿದಿದೆ. ಇಸವಿಗಳು ಅಲ್ಲಿ ಅದಲುಬದಲಾಗಿರುವುದು ಸಹಜ.

ಹಳ್ಳಿಯಿಂದ ಹೋದ ಸೈನಿಕ ಇಸವಿಯನ್ನು ಮರೆತರೂ ಅರಸನನ್ನೂ ಹಬ್ಬವನ್ನೂ ಮರೆಯುವುದಿಲ್ಲ. ‘ನಾಲ್ವಡಿಯವರು ತೀರಿಕೊಂಡಾಗ ನಾನು ಪಲ್ಟನ್ನಿನಲ್ಲಿದ್ದೆ’ ಎಂದು ಒಬ್ಬಾತ ಹೇಳಿದನೆನ್ನೋಣ. ಆತ 1940ರ ಆಗಸ್ಟ್ 3ಕ್ಕೆ ಮೊದಲೇ ಸೇನೆಗೆ ಸೇರಿದ್ದನೆಂಬುದಕ್ಕೆ ಅದೊಂದು ಸುಳಿವು. ‘ಶಿವರಾತ್ರಿ ಕಳೆದೊಡನೆ ಸೆರೆಸಿಕ್ಕೆವು’ ಎಂದರೆ ಅದನ್ನೂ ಪರೀಕ್ಷಿಸಬಹುದು. ಸಿಂಗಪುರ ಶರಣಾದ ಭಾನುವಾರ ಚೀನೀಯರ ಹೊಸವರ್ಷದ ದಿನ. ಆ ಹಬ್ಬ ಬರುವುದು ಅಮಾವಾಸ್ಯೆಯನ್ನು ಅನುಸರಿಸಿ. ನಮ್ಮ ಲೆಕ್ಕದಲ್ಲಿ ಅದು ವೃಷ ಸಂವತ್ಸರದ ಮಾಘ ಬಹುಳ ಅಮಾವಾಸ್ಯೆ. ಮಹಾಶಿವರಾತ್ರಿ ಅದಕ್ಕೆ ಒಂದೆರಡು ದಿನ ಮುಂಚೆ. ಮಾತು ನಿಲ್ಲುತ್ತದೆ.

ಗಳಿಗೆಯ ವ್ಯತ್ಯಾಸಕ್ಕೂ ಕಾರಣವಿರಬಹುದು. ಅಂದು ಕದನವಿರಾಮ ರಾತ್ರಿ ಎಂಟೂವರೆಗೆ ಎಂದು ಒಬ್ಬರು, ಹತ್ತಕ್ಕೆ ಎಂದು ಇನ್ನೊಬ್ಬರು ಹೇಳಿದರೆ ಇಬ್ಬರೂ ಸರಿ. ಟೋಕಿಯೋದ ಗಡಿಯಾರ ಸಿಂಗಪುರದ ಗಡಿಯಾರಕ್ಕಿಂತ ಒಂದೂವರೆ ಗಂಟೆ ಮುಂದಿತ್ತು.

ಆದರೆ ಎಲ್ಲ ನೆನಪೂ ಹೀಗೆ ಒಪ್ಪುವುದಿಲ್ಲ. ‘ಸೆರೆಸಿಕ್ಕ ಎರಡೇ ದಿನಕ್ಕೆ ಫ್ಯಾರರ್ ಪಾರ್ಕಿನಲ್ಲಿ ನೇತಾಜಿಯ ಭಾಷಣ ಕೇಳಿದೆ’ ಎಂಬ ಮಾತು ಬಂದರೆ ಅದನ್ನು ಒಪ್ಪಲಾಗದು. ಫೆಬ್ರವರಿ 17ರಂದು ಆ ಮೈದಾನದಲ್ಲಿ ಸಾವಿರಾರು ಭಾರತೀಯ ಸೆರೆಯಾಳುಗಳೆದುರು ಮಾತನಾಡಿದವರಲ್ಲಿ ಜಪಾನಿ ಸೇನೆಯ ಮೇಜರ್ ಫುಜಿವಾರ ಮತ್ತು ಕ್ಯಾಪ್ಟನ್ ಮೋಹನ್ ಸಿಂಗ್ ಇದ್ದರು. ಸುಭಾಷರು ಆಗ ಜರ್ಮನಿಯಲ್ಲಿದ್ದರು. ಅವರು ಸಿಂಗಪುರಕ್ಕೆ ಬಂದದ್ದು 1943ರ ಜುಲೈ 2ರಂದು. ಮೋಹನ್ ಸಿಂಗ್ ಕಟ್ಟಿದ ಮೊದಲ ಸೇನೆ ಅದಕ್ಕೂ ಮುನ್ನ, 1942ರ ಡಿಸೆಂಬರಿನಲ್ಲೇ ಒಡೆದುಹೋಗಿತ್ತು. ಹಾಗೆಂದು ಹೇಳಿದವನು ಸುಳ್ಳುಗಾರನೆ? ಅವನು 1943ರ ಭಾಷಣವನ್ನು ಕೇಳಿದ್ದು ನಿಜವಿರಬಹುದು, 1942ರ ಮೈದಾನದಲ್ಲಿ ನಿಂತದ್ದೂ ನಿಜವಿರಬಹುದು. ವರ್ಷಗಳುರುಳಿದಂತೆ ಎರಡು ಸಭೆಗಳು ಒಂದಾಗಿವೆ, ದೊಡ್ಡ ಹೆಸರು ಚಿಕ್ಕ ಹೆಸರುಗಳನ್ನು ನುಂಗಿದೆ.

ಈ ಬೆರಕೆಗೆ ಇನ್ನೊಂದು ಕಾರಣವೂ ಉಂಟು. ಸ್ವಾತಂತ್ರ್ಯಾನಂತರ ಆಜಾದ್ ಹಿಂದ್ ಫೌಜಿನವರಿಗೆ ಗೌರವ ಬಂತು. 1972ರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆ ಅವರನ್ನೂ ಒಳಗೊಂಡಿತು. ಫೌಜಿಗೆ ಸೇರದೆ ಸೆರೆಯಲ್ಲೇ ಉಳಿದವರಿಗೆ ಅಂಥ ಕಥೆಯೇ ಇರಲಿಲ್ಲ. ಅವರಲ್ಲಿ ಸಾವಿರಾರು ಮಂದಿಯನ್ನು ಜಪಾನಿಯರು ನ್ಯೂ ಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಹಸಿವು, ರೋಗಗಳಲ್ಲಿ ಅನೇಕರು ಸತ್ತರು. ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳು ಸಮಾಧಿಯ ನೆಲೆಯೇ ತಿಳಿಯದ 24,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಹೊತ್ತಿವೆ. ಅವುಗಳಲ್ಲಿ ಭಾರತೀಯರ ಹೆಸರುಗಳು ಬಹಳ. ಊರಿನವರು ‘ನೇತಾಜಿಯನ್ನು ಕಂಡಿದ್ದೆಯಾ?’ ಎಂದು ಮತ್ತೆ ಮತ್ತೆ ಕೇಳಿದಾಗ, ಹಾಗೆ ಮರಳಿ ಬಂದವನೊಬ್ಬ ಕೊನೆಗೊಮ್ಮೆ ‘ಕಂಡಿದ್ದೆ’ ಎಂದಿದ್ದರೆ ಅಚ್ಚರಿಯಿಲ್ಲ.

ಆದ್ದರಿಂದ ತಾಳೆ ನೋಡುವ ಕೆಲಸ ಕೇವಲ ತಪ್ಪು ಹಿಡಿಯುವ ಕೆಲಸವಾಗಬಾರದು. ಕಥೆಯಿಂದ ನೇತಾಜಿಯನ್ನು ತೆಗೆಯಲೇಬೇಕಾದಾಗ ತೆಗೆಯಬೇಕು. ದಾಖಲೆ ಅದನ್ನು ಬೇಡುತ್ತದೆ. ತೆಗೆದ ಮೇಲೆ ಉಳಿಯುವ ಮೂರೂವರೆ ವರ್ಷಗಳ ಸೆರೆ, ಹಸಿವು, ಕೂಲಿ ಇವುಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡಬೇಕು. ಯಾರೂ ಕೇಳದಿದ್ದ ಆ ಭಾಗವೇ ಇತಿಹಾಸಕ್ಕೆ ಹೆಚ್ಚು ಬೇಕಾದದ್ದು.