ಆತಕೂರಿನ ಕಾಳಿ ಮತ್ತು ಬುಲ್‌ಡಾಗ್

ಗುತ್ತಲಿಗೆ ದೂರವಲ್ಲದ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು ಗಂಗ ಬೂತುಗನ ಕಾಲದ್ದು, ಸುಮಾರು 950ರದು. ಮಣಲೇರನೆಂಬ ವೀರನು ಒಡೆಯನಿಂದ ಬೇಡಿ ಪಡೆದ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಮಡಿದುದನ್ನು ಅದು ಹೇಳುತ್ತದೆ. ಬೇಟೆಯನ್ನು ನಾವು ಮೆಚ್ಚಲಾರೆವು. ಆದರೆ ಓಡಲು ಕಾಳಿಗೆ ಉಸಿರಾದರೂ ಇತ್ತು.

ಇಂಗ್ಲೆಂಡಿನ ಬುಲ್‌ಡಾಗ್ ಗೂಳಿಯೊಡನೆ ಕಾದಲು ಬೆಳೆಸಿದ ತಳಿ. 1835ರಲ್ಲಿ ಆ ಕ್ರೂರ ವಿನೋದವು ನಿಷಿದ್ಧವಾಯಿತು. ಅನಂತರ ಅಂದಕ್ಕಾಗಿ ಅದರ ಮೂತಿಯನ್ನು ತಲೆಮಾರುಗಳುದ್ದಕ್ಕೂ ಮೊಟಕುಗೊಳಿಸಿದರು. ಫಲವಾಗಿ ಉಸಿರಾಟಕ್ಕೆ ತೊಡಕು, ಮುಖದ ಮಡಿಕೆಗಳಲ್ಲಿ ಹುಣ್ಣು. ಈ ತಳಿಯಲ್ಲಿ ಧೂಳು, ಪರಾಗ, ಆಹಾರಗಳ ಅಲರ್ಜಿಯಿಂದ ತುರಿಕೆಯೂ ಉಂಟು. ಬಹುಪಾಲು ಹೆರಿಗೆಗಳಿಗೂ ಶಸ್ತ್ರಚಿಕಿತ್ಸೆ. ಗೂಳಿಯ ಕೊಂಬಿಗಿಂತ ಇದು ಸೌಮ್ಯವೆಂದು ನನಗೆ ತೋರದು.

ಈಗಾಗಲೇ ಸಾಕಿರುವವರು ಮಂಡ್ಯದ ಬಿಸಿಲಿನಲ್ಲಿ ಅದನ್ನು ನಡೆಸಬಾರದು. ಮಡಿಕೆಗಳನ್ನು ದಿನವೂ ಒರೆಸಿ ಒಣಗಿಸಬೇಕು. ತುರಿಕೆ ಕಂಡೊಡನೆ ಪಶುವೈದ್ಯರಿಗೆ ತೋರಿಸಬೇಕು.