ನಿಕೋಟಿನ್, ಮೆಟಿರಪೋನ್ ಮತ್ತು ಇಲಿಯ ಅಡ್ರಿನಲ್ ಗ್ರಂಥಿ

ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಹೊರಪದರವು ಕೊಲೆಸ್ಟರಾಲಿನಿಂದ ಹಂತಹಂತವಾಗಿ ಸ್ಟಿರಾಯಿಡ್ ಹಾರ್ಮೋನುಗಳನ್ನು ತಯಾರಿಸುತ್ತದೆ; ಒಂದೊಂದು ಹಂತಕ್ಕೂ ಅದರದೇ ಕಿಣ್ವ. ಮನುಷ್ಯರಲ್ಲಿ ಮುಖ್ಯ ಉತ್ಪನ್ನ ಕಾರ್ಟಿಸಾಲ್. ಇಲಿಯ ಗ್ರಂಥಿಯಲ್ಲಿ ಕಾರ್ಟಿಸಾಲಿಗೆ ಬೇಕಾದ 17-ಆಲ್ಫಾ ಹೈಡ್ರಾಕ್ಸಿಲೇಸ್ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅಲ್ಲಿ ಕಾರ್ಟಿಕೊಸ್ಟೆರಾನ್.

1950ರ ದಶಕದ ಆರಂಭದಲ್ಲಿ ಅಮೆರಿಕದ ರಾಯ್ ಹರ್ಟ್ಜ್ ತಂಡ, ಈ ಹಾರ್ಮೋನುಗಳ ತಯಾರಿಕೆಯನ್ನು ತಡೆಯುವ ಆಂಫಿನೋನ್-ಬಿ ಎಂಬ ರಾಸಾಯನಿಕ ಕೊಟ್ಟ ಇಲಿಗಳ ಅಡ್ರಿನಲ್ ದಪ್ಪಗಾಗಿರುವುದನ್ನು ಕಂಡಿತು. ಹಾರ್ಮೋನಿನ ತಯಾರಿಕೆ ತಡೆದರೆ ಗ್ರಂಥಿ ಬೆಳೆಯುವುದೇಕೆ? ರಕ್ತದಲ್ಲಿ ಹಾರ್ಮೋನು ಇಳಿದೊಡನೆ ಪಿಟ್ಯುಟರಿ ಗ್ರಂಥಿಯು ಅಡ್ರಿನಲನ್ನು ಪ್ರಚೋದಿಸುವ ಎಸಿಟಿಎಚ್ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ, ಅದರ ಒತ್ತಾಯಕ್ಕೆ ಗ್ರಂಥಿ ಹಿಗ್ಗುತ್ತದೆ. ಆಂಫಿನೋನಿನ ಜಾಡಿನಲ್ಲಿ ಸಿಬಾ ಕಂಪನಿ ರೂಪಿಸಿದ ಮೆಟಿರಪೋನನ್ನು 1958ರಲ್ಲಿ ಗ್ರಾಂಟ್ ಲಿಡ್ಲ್ ಮತ್ತಿತರರು ಮನುಷ್ಯರಲ್ಲಿ ಪರೀಕ್ಷಿಸಿದರು. ಅದು ತಡೆಯುವುದು 11-ಬೀಟಾ ಹೈಡ್ರಾಕ್ಸಿಲೇಸ್ ಕಿಣ್ವವನ್ನು. ಇಲಿಯಲ್ಲಿ ಕಾರ್ಟಿಕೊಸ್ಟೆರಾನ್ ಇಳಿದು, ಅದರ ಹಿಂದಿನ ಡಿಆಕ್ಸಿಕಾರ್ಟಿಕೊಸ್ಟೆರಾನ್ ರಾಶಿ ಬೀಳುತ್ತದೆ. ಅಪಸ್ಮಾರದ ಔಷಧವಾಗಿ ಬಂದ ಅಮಿನೋಗ್ಲುಟೆಥಿಮೈಡ್ ಇನ್ನೂ ಹಿಂದಿನ, ಕೊಲೆಸ್ಟರಾಲಿನಿಂದ ಶುರುವಾಗುವ ಹಂತವನ್ನೇ ತಡೆಯುತ್ತದೆ; ಹಾಗಾಗಿ ಗ್ರಂಥಿಯಲ್ಲಿ ಕೊಲೆಸ್ಟರಾಲ್ ತುಂಬಿಕೊಳ್ಳುತ್ತದೆ.

ಮೆಟಿರಪೋನಿನಲ್ಲಿ ಎರಡು ಪಿರಿಡೀನ್ ಉಂಗುರಗಳಿವೆ. ಅಂಥದೇ ಒಂದು ಉಂಗುರ ನಿಕೋಟಿನಿನಲ್ಲೂ ಇದೆ. ಉಂಗುರದ ನೈಟ್ರೊಜನ್ 11-ಬೀಟಾ ಹೈಡ್ರಾಕ್ಸಿಲೇಸ್ ಕಿಣ್ವದೊಳಗಿನ ಕಬ್ಬಿಣವನ್ನು ಹಿಡಿದುಕೊಳ್ಳಬಲ್ಲದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ವರ್ಜೀನಿಯಾ ಹೊಗೆಸೊಪ್ಪಿನಲ್ಲಿ ಈ ನಿಕೋಟಿನ್ ಬೇರಿನಲ್ಲಿ ತಯಾರಾಗಿ ಎಲೆಗೆ ಏರುತ್ತದೆ. ಹೂವಿನ ಕುಡಿ ಮುರಿದರೆ ಎಲೆಯಲ್ಲಿ ಇನ್ನಷ್ಟು ಸೇರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಸೊಪ್ಪು ಮುರಿಯುವವರ ಕೈಗೆ ಕರಿ ಅಂಟು ಮೆತ್ತಿಕೊಳ್ಳುತ್ತದೆ. ಇಬ್ಬನಿಯಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ತಲೆಸುತ್ತು, ವಾಂತಿ ತರುವುದೂ ಉಂಟು.

ನಿಕೋಟಿನ್ ಮತ್ತು ದೇಹದಲ್ಲಿ ಅದರಿಂದಾಗುವ ಕೋಟಿನಿನ್ ಮಾನವ ಭ್ರೂಣದ ಅಡ್ರಿನಲ್ ಜೀವಕೋಶಗಳಲ್ಲಿ 11-ಬೀಟಾ ಹೈಡ್ರಾಕ್ಸಿಲೇಸನ್ನು ತಡೆಯುತ್ತವೆಂದು 1989ರಲ್ಲಿ ವರದಿಯಾಯಿತು. ಬದುಕಿರುವ ಇಲಿಯಲ್ಲಿ ಮಾತ್ರ ಕಥೆ ತಿರುವುಮುರುವು: ನಿಕೋಟಿನ್ ಚುಚ್ಚಿದರೆ ಅದು ಮಿದುಳನ್ನು ಕೆರಳಿಸಿ ಎಸಿಟಿಎಚ್ ಏರಿಸುತ್ತದೆ, ಕಾರ್ಟಿಕೊಸ್ಟೆರಾನ್ ಇಳಿಯುವ ಬದಲು ಏರುತ್ತದೆ. ಗಾಜಿನ ತಟ್ಟೆಯ ಫಲಿತಾಂಶವೊಂದನ್ನೇ ನಂಬಿದವರು ಇಲ್ಲಿ ಎಡವುವುದು ಸಹಜ. ಚುಚ್ಚುಮದ್ದು ಮತ್ತೆ ಮತ್ತೆ ಕೊಟ್ಟರೆ ಆ ಏರಿಕೆಯೂ ಮಂಕಾಗುತ್ತದೆ, ಅದಕ್ಕೆ ಮುಖ್ಯ ಕಾರಣ ಕಿಣ್ವದ ತಡೆಯಲ್ಲ, ನಿಕೋಟಿನಿಗೆ ಮಿದುಳಿನ ಗ್ರಾಹಕಗಳು ಸ್ಪಂದಿಸುವುದು ಕಡಿಮೆಯಾಗುವುದು.